ಶೈಲಾ ಕರದಾಳ, ಏಳ್ರೀ

1

ಎಲ್ಲಿಂದ ಸುರು ಮಾಡ್ಲಿ ಹೇಳ್ರಿ?

ಮೊದಲನೇ ಡ್ರಾಫ್ಟಿನಾಗ ಆಳಂದದ ಬಸ್‌ಸ್ಟ್ಯಾಂಡಿನಿಂದ ಸುರು ಮಾಡಿದ್ದೆ. ಹಿಂಗ ಬರ್ದಿದ್ದೆ: "ಸಂಜೆಯ ಹೊಂಬೆಳಕಿನಲ್ಲಿ, ಕನಸುಗಳ ಚೀಲವನ್ನು ಹೆಗಲಿಗೇರಿಸಿಕೊಂಡ ಯುವತಿಯೊಬ್ಬಳು ಬಸ್ಸಿಗಾಗಿ ಕಾಯುತ್ತಿದ್ದಳು." ಆಹಾ ಅಂತ ನನ್ನ ಬೆನ್ನು ನಾನೇ ತಟ್ಕೊಂಡು ಚಾ ಕುಡಿಯಾಕ ಎದ್ದೆ. ತಿರುಗಿ ಬಂದು ನೋಡ್ತೇನಿ, ಆ ಯುವತಿ ಸಾಲಿನ ನಡುವ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನನ್ನನ್ನೇ ನೋಡಾಕತ್ತಾಳ.

"ಸರ, ಇದು ಕನಸಿನ ಚೀಲ ಅಲ್ರಿ. ಇದರಾಗ ಎರಡು ನೂರು ಪಾಂಪ್ಲೆಟ್ ಅವ, ಒಂದು ಸ್ಟೇಪ್ಲರ್ ಅದ, ನಮ್ಮವ್ವ ಕಟ್ಟಿಕೊಟ್ಟ ಬುತ್ತಿ ಉಂಡು ಖಾಲಿಯಾದ ಡಬ್ಬಿ ಅದ. ಹೆಗಲು ಹರ್ಯಾಕತ್ತದ. ಹೊಂಬೆಳಕು ಆಮ್ಯಾಲೆ ಬರೀರಿ, ಮೊದಲ ಬಸ್ ತರ್ರಿ."

ತಂದೆ. ಕಥಿ ಬರಿಯೋನಿಗಿ ಅಷ್ಟಾದ್ರೂ ಅಧಿಕಾರ ಇರ್ತದ. ಹೊಂಬೆಳಕು ಹೊಡದು ಹಾಕಿದೆ, ಪುಸ್ತಕದ ಕನ್ನಡಾನೂ ಹೊಡದು ಹಾಕಿದೆ. ಅವತ್ತಿನಿಂದ ಈಕಿ ಹ್ಯಾಂಗ ಮಾತಾಡ್ತಾಳೋ ಹಂಗೇ ಬರ್ಯಾಕತ್ತೇನಿ.

ಹೆಸರು ಶೈಲಶ್ರೀ. ಊರಾಗ ಎಲ್ಲಾರೂ ಶೈಲಾ ಅಂತಾರ. ಇಪ್ಪತ್ನಾಲ್ಕು ವರ್ಷ. ಆಳಂದದಾಗ ಒಂದು ಕಂಪ್ಯೂಟರ್ ಅಂಗಡ್ಯಾಗ ಮಂದಿದು ಆನ್‌ಲೈನ್ ಅರ್ಜಿ ತುಂಬ್ತಾಳ. ಪಿಂಚಣಿ, ಸ್ಕಾಲರ್‌ಶಿಪ್, ಜಾತಿ-ಆದಾಯ, ಏನೇ ತಗೊಂಡು ಹೋಗ್ರಿ, ಐದು ನಿಮಿಷದಾಗ ತುಂಬಿ ಕೈಗಿ ಕೊಡ್ತಾಳ. ಊರು ಆಳಂದಕ್ಕೂ ಮಾದನಹಿಪ್ಪರಗಾಕ್ಕೂ ನಡುವ. (ಊರಿನ ಹೆಸರು ಹೇಳಂಗಿಲ್ಲ. ಹೇಳಿದ್ರ ಆ ಊರಿನವರು 'ನನ್ನ ಹೆಸರು ಯಾಕ ಹಾಕಿಲ್ಲ' ಅಂತ ನನ್ನ ಮನಿ ಮಟಾ ಬರ್ತಾರ.) ನಾಲ್ಕು ದಿನದ ಹಿಂದ ಈಕಿ ಊರಿನ ಅರುಣೋದಯ ಯುವಕ ಸಂಘದ ಆರೋಗ್ಯ ಸಮಿತಿಗಿ ಸಂಚಾಲಕಿ ಆಗ್ಯಾಳ. ಪಗಾರ ಇಲ್ಲ, ಖುರ್ಚಿ ಇಲ್ಲ, ಬರೇ ಹುದ್ದೆ.

2

ಈ ಭಾಗ ಮೊದಲು ಬರಬೇಕಿತ್ತು. ತಪ್ಪು ನಂದೇ, ಮುಂದ ಹೋಗೂಣು.

ಅರುಣೋದಯ ಯುವಕ ಸಂಘಕ್ಕ ಹತ್ತೊಂಬತ್ತು ವರ್ಷ. ಹತ್ತೊಂಬತ್ತು ವರ್ಷದಿಂದಲೂ ಅಧ್ಯಕ್ಷರು ದೌಲತರಾಯ ಕಾಕಾನೇ. ಯುವಕ ಸಂಘದ ಅಧ್ಯಕ್ಷರು ಯುವಕರೇ ಇರಬೇಕಲ್ರಿ, ಅದಕ್ಕ ಪ್ರತಿ ಐತವಾರ ಮೀಸಿಗಿ ಬಣ್ಣ ಹಚ್ತಾರ. ವಯಸ್ಸು ಕೇಳಿದ್ರ "ನಲವತ್ತರ ಈಚೆ" ಅಂತಾರ. ನನಗ ಗೊತ್ತಿದ್ದಂಗ ಹತ್ತು ವರ್ಷದಿಂದ ಈಚೇನೇ ಅದಾರ.

ವರ್ಷದ ಮೀಟಿಂಗಿನಾಗ ಕಾಕಾ ಕೇಳಿದ್ರು, "ಆರೋಗ್ಯ ಸಮಿತಿ ಯಾರು ತಗೋತೀರಿ?" ಹುಡುಗರೆಲ್ಲಾ ಒಮ್ಮೆಲೇ ಫೋನ್ ನೋಡಾಕ ಹತ್ತಿದ್ರು. ಕ್ರೀಡಾ ಸಮಿತಿಗಿ ಒಂಬತ್ತು ಮಂದಿ ಬಡದಾಡಿದ್ರು, ಇದಕ್ಕ ಒಬ್ಬರೂ ಇಲ್ಲ. ಹಿಂದಿನ ಸಾಲಿನಾಗ ಶೈಲಾ ಕೈ ಎತ್ತಿದ್ಳು.

"ನೀರೇನವ್ವ? ಅಲ್ಲಿ ಕ್ಯಾನಿನಾಗ ಅದ ನೋಡು, ಕುಡಿ."

"ನೀರು ಬ್ಯಾಡ್ರಿ ಕಾಕಾ. ಸಮಿತಿ ಬೇಕು."

ಸಭಾ ನಕ್ಕಿತು. ಕಾಕಾನೂ ನಕ್ರು. ನಕ್ಕೋತನೇ ಒಂದು ಕರಾರು ಹಾಕಿದ್ರು: "ತಗೋವ್ವ, ಯಾಕಾಗವಲ್ದು. ಒಂದು ಕಾರ್ಯಕ್ರಮ ಮಾಡಿ ತೋರ್ಸು. ಆಗ್ಲಿಲ್ಲಂದ್ರ ಸಮಿತಿ ವಾಪಸ್. ನಾಳಿಗಿ ಬ್ಯಾರೆ ಹುಡುಗ್ಯಾರೂ ಹಿಂಗ ಸುಮ್‌ಸುಮ್ಕ ಕೈ ಎತ್ತಬಾರ್ದು ನೋಡು." ಅದೇ ಸಾಲಿನಾಗ ಕುಂತ ಮತ್ತ ನಾಕು ಹುಡುಗ್ಯಾರು ಈ ಮಾತು ಕೇಳಿಸ್ಕೊಂಡ್ರು. ಶೈಲಾ ಅವರ ಮಾರಿ ನೋಡಿದ್ಳು. ಹಂಗಾಗಿ ಇದು ಒಬ್ಬಾಕಿ ಮಾನದ ಪ್ರಶ್ನೆ ಉಳಿಲಿಲ್ಲ.

ಆಕಿ ಆರಿಸಿದ ಕಾರ್ಯಕ್ರಮ ರಕ್ತದಾನ ಶಿಬಿರ. ಯಾಕ ರಕ್ತದಾನಾನೇ? ಇದಕ್ಕ ನಾನು ಒಂದು ಫ್ಲ್ಯಾಶ್‌ಬ್ಯಾಕ್ ಬರ್ದಿದ್ದೆ. ಆಸ್ಪತ್ರಿ ಕಾರಿಡಾರು, ಹಸಿರು ಪರದೆ, ಮಿಣುಕೋ ಟ್ಯೂಬ್‌ಲೈಟು, ನಾಲ್ಕು ಪುಟ. ಶೈಲಾ ನಾಲ್ಕೂ ಪುಟ ಓದಿ ವಾಪಸ್ ಕೊಟ್ಳು.

"ಸರ, ಟ್ಯೂಬ್‌ಲೈಟ್ ಚಲೋನೇ ಇತ್ತು. ನಾನೇ ಹೇಳ್ತೇನಿ ಬರಕೋರಿ. ನಮ್ಮ ವಿಜಯಶ್ರೀ ಅಕ್ಕನ ಹೆರಿಗಿ ಟೈಮಿನಾಗ ಎರಡು ಬಾಟ್ಲಿ ರಕ್ತ ಬೇಕಾಗಿತ್ತು. ಬಾಗಲಾಗ ನಮ್ಮ ಗಂಡಸರು ಏಳು ಮಂದಿ ನಿಂತಿದ್ರು. ವೀಕ್ನೆಸ್ ಬರ್ತದಂತ ಒಬ್ಬರೂ ತೋಳು ಏರಿಸ್ಲಿಲ್ಲ. ಕೊಟ್ಟವರು ಅಫಜಲಪುರದಾಕಿ ಒಬ್ಬಾಕಿ, ಜೇವರ್ಗಿಯವ ಒಬ್ಬಾವ. ತಮ್ಮ ಪೇಶೆಂಟ್ ನೋಡಾಕ ಬಂದಿದ್ರು, ಹೆಸರೂ ಹೇಳದ ಹೋದ್ರು. ಅಕ್ಕ ಉಳದ್ಳು. ಆದ್ರ ಅವತ್ತಿನಿಂದ ನಮ್ಮೂರು ನೆನಸ್ಕೊಂಡ್ರ ನನಗ ನಾಚಿಕಿ ಬರ್ತದ್ರಿ. ಆ ನಾಚಿಕಿ ಹೋಗ್ಬೇಕು. ಅಷ್ಟೇ."

ಅಷ್ಟೇ. ನಾಲ್ಕು ಪುಟ ಹರ್ದು ಹಾಕಿದೆ.

ಆಕಿ ಬಸ್‌ಸ್ಟ್ಯಾಂಡಿನಾಗ ನಿಂತಿದ್ಳಲ್ಲ, ಅವತ್ತು ಆಳಂದದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಯುವಕ ಸಂಘದವರ ಮೀಟಿಂಗ್ ಇತ್ತು. ರಕ್ತನಿಧಿಯ ಡಾಕ್ಟರ್ ಮೇಡಮ್ ಕಲಬುರಗಿಯಿಂದ ಬಂದಿದ್ರು. ಜೇವರ್ಗಿ ಸಂಘದವ ಎದ್ದು ನಿಂತು "ಹೋದ ವರ್ಷ ಐವತ್ತೆರಡು ಮಂದಿ" ಅಂದ. ಅಫಜಲಪುರದ ಜಸ್ಮೀನ ಎಂಬಾಕಿ "ನಲವತ್ತೊಂದು" ಅಂದ್ಳು. ಮೇಡಮ್ ಶೈಲಾನ ಕಡೆ ನೋಡಿದ್ರು. ಈಕಿ ಒಂದು ಕ್ಷಣಾನೂ ತಡೀಲಿಲ್ಲ.

"ಮೂವತ್ತು."

"ನೋಡಮ್ಮಾ, ಮೂವತ್ತಕ್ಕ ಒಂದು ಕಡಿಮಿ ಆದ್ರೂ ನಮಗ ವ್ಯಾನ್ ತರೋದು ಪೂರೈಸಂಗಿಲ್ಲ. ಮುಂದಿನ ಸಲ ನಿಮ್ಮೂರು ಬಿಟ್ಟು ಯಡ್ರಾಮಿ ಕಡೆ ಹೋಗ್ತೇವಿ."

"ಮೂವತ್ತಂದ್ರ ಮೂವತ್ರಿ ಮೇಡಮ್. ವ್ಯಾನ್ ತರ್ರಿ ನೀವು."

(ಇಲ್ಲಿ ನಾನು ಒಂದು ಗುಟ್ಟು ಹೇಳಿಬಿಡ್ತೇನಿ, ಮುಂದ ಹೇಳಿದ್ರ ನೀವು ಮೋಸ ಅಂತೀರಿ. ಸೂಜಿ ಕಂಡ್ರ ನನಗ ಅಂಗಾಲು ಬೆವರ್ತಾವ. ನಾಕನೇ ಇಯತ್ತೆದಾಗ ಇಂಜೆಕ್ಷನ್ ಮಾಡೋರು ಬಂದಾಗ ಸಾಲಿ ಗ್ವಾಡಿ ಹಾರಿ ಓಡಿದ್ದೆ. ಈಗ ನಲವತ್ತಾರು ವರ್ಷ, ಎಪ್ಪತ್ನಾಲ್ಕು ಕೇಜಿ, ಒಮ್ಮೆಯೂ ರಕ್ತ ಕೊಟ್ಟಿಲ್ಲ. ರಕ್ತದಾನದ ಮ್ಯಾಲೆ ಕಥಿ ಬರ್ಯಾಕ ನನಗಿಂತ ಲಾಯಕ್ ಮನಷ್ಯಾ ಸಿಗಂಗಿಲ್ಲ, ಯಾಕಂದ್ರ ಹೊರಗ ನಿಂತು ನೋಡಿದವನಿಗೇ ಎಲ್ಲಾ ಕಾಣಸ್ತದ. ಹಿಂಗಂತ ನಾನು ನಂಬಿದ್ದೆ.)

3

ಈ ಭಾಗ ಇಲ್ಲ. ಇದರಾಗ ಶೈಲಾಗೂ ನದೀಮಗೂ ಪ್ರೀತಿ ಆಗ್ತದ ಅಂತ ಬರ್ದಿದ್ದೆ. ನದೀಮ ಟಂಟಂ ಗಾಡಿ ಹೊಡೀತಾನ, ಸಮಿತ್ಯಾಗ ಶೈಲಾನ ಬಿಟ್ರ ಅವನೊಬ್ಬನೇ ಮೆಂಬರ್. ಓದಿ ಇಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ರು. "ಸರ್, ಮುಂದಿನ ತಿಂಗಳ ನನ್ನ ನಿಕಾ ಅದ, ನೀವು ಬಂದು ಖಾನಾ ಮಾಡ್ರಿ, ಇದೆಲ್ಲಾ ಬರೀಬ್ಯಾಡ್ರಿ" ಅಂದ ನದೀಮ. ಆಯ್ತಪ್ಪ ಅಂದೆ.

4

ಈಗ ನೋಡ್ರಿ, ತಪ್ಪು ಹುಟ್ಟೋ ಜಾಗ ಇದು. ಯಾರೂ ಇದನ್ನ ತಪ್ಪು ಅನ್ನಂಗಿಲ್ಲ. ನಾನೂ ಬರಿಯಾವಗ ಎಷ್ಟು ಚಂದ ಅಂತ ಬರ್ದೆ.

ಶೈಲಾ ಮೊದಲ ತನ್ನ ದಾರಿ ಹಿಡದ್ಳು. ಫೋನಿನಾಗ ಫಾರ್ಮ್ ಮಾಡಿ ಊರಿನ ವಾಟ್ಸಾಪ್ ಗ್ರೂಪಿಗಿ ಬಿಟ್ಳು. ಎರಡು ದಿನದಾಗ ಐವತ್ತೆಂಟು ಮಂದಿ ತುಂಬಿದ್ರು. ಅದನ್ನ ಅವರವ್ವ ಸುಭದ್ರಾಬಾಯಿಗಿ ತೋರಿಸಿದ್ಳು.

"ಫೋನಿನಾಗ ಕರದ್ರ ಯಾರು ಬರ್ತಾರಬೇ? ಬೆರಳು ಒತ್ತಿ ತುಂಬೂದು ಏನು ತ್ರಾಸ? ಹೊಸ್ತಿಲಕ್ಕ ಹೋಗು. ಕುಂಕುಮ ಹಚ್ಚಿ ಕರಿ. ಹೆಣ್ಣಮಗಳು ಹೊಸ್ತಿಲಕ್ಕ ಬಂದು ಕರದ್ರ ಯಾವ ಗಂಡಸ ಇಲ್ಲ ಅಂತಾನ ನೋಡೇಬಿಡ್ತೀನಿ."

ಶೈಲಾಗ ಖರೇ ಅನಸ್ತು. ಅವ್ವನ ಬೆಳ್ಳಿ ಕುಂಕುಮದ ಬಟ್ಟಲು ತಗೊಂಡು ಮೂರು ಸಂಜಿ ಓಣಿ ಓಣಿ ತಿರುಗಿದ್ಳು. ಆ ಕಡೆ ಓಣ್ಯಾಗ ನದೀಮನ ತಾಯಿ ವಜೀರುನ್ನಿಸಾ ಅತ್ತರಿನ ಬಾಟ್ಲಿ ಹಿಡ್ಕೊಂಡು ಮನಿ ಮನಿಗಿ ಹೋದ್ರು. "ಐತವಾರ ಸಾಲಿಯಾಗ ನಮ್ಮ ಶಿಬಿರ ಅದ, ಮನಿ ಮಂದಿ ಎಲ್ಲಾ ಬರ್ಬೇಕ್ರಿ." ಹೆಂಗಸರು ಹಣಿ ಮುಂದ ಮಾಡಿ ಕುಂಕುಮ ಹಚ್ಚಿಸ್ಕೊಂಡ್ರು. "ಬರ್ತೇವವ್ವ, ತಪ್ಪಂಗಿಲ್ಲ" ಅಂದ್ರು. ಶೈಲಾ ಮೂರು ಸಂಜಿ ನಡದು ಕಾಲು ಬಾತು ಮನಿಗಿ ಬಂದ್ರೂ ಮಾರಿ ಮ್ಯಾಲೆ ಗೆದ್ದ ಕಳೆ ಇತ್ತು.

ಕಡೀ ಮನಿ ಮುಗಿಸಿ ಆಕಿ ನನ್ನ ಟೇಬಲ್ ಕಡೆ ತಿರುಗಿದ್ಳು.

"ನೀವೂ ಬರ್ಬೇಕ್ರಿ ಸರ."

"ನಾನು ಕಥಿ ಬರಿಯಾವ ತಂಗಿ. ಕಥಿಯೊಳಗ ಬರಂಗಿಲ್ಲ. ಅದು ನಿಯಮ."

"ಯಾರು ಮಾಡಿದ್ದು ನಿಯಮ?"

ಆಕಿ ಬಟ್ಟಲಾಗ ಬೆರಳು ಅದ್ದಿ ಹಾಳಿಯ ಮಾರ್ಜಿನ್ನಿನಾಗ ಒಂದು ಬೊಟ್ಟು ಇಟ್ಟು ಹೋದ್ಳು. ನಾನು ಪುಟ ತಿರುವಿದೆ. ಅಲ್ಲಿಗಿ ಅದು ಮುಗೀತು ಅಂತ ತಿಳ್ಕೊಂಡೆ.

5

ಐತವಾರ. ಸಾಲಿ ವರಾಂಡಾದಾಗ ನಾಲ್ಕು ಮಂಚ, ಬಿಳಿ ಚಾದರ, ಪಾರ್ಲೆ ಬಿಸ್ಕೀಟು, ಮ್ಯಾಂಗೋ ಜ್ಯೂಸಿನ ಡಬ್ಬಿ. ಬೆಳಿಗ್ಗೆ ಒಂಬತ್ತಕ್ಕ ವ್ಯಾನ್ ಬಂತು. ಮೊದಲ ಶೈಲಾ ಕೊಟ್ಳು, ಆಮ್ಯಾಲೆ ನದೀಮ ಕೊಟ್ಟ. ಶೈಲಾ ರಜಿಸ್ಟರಿನಾಗ ಒಂದು, ಎರಡು ಅಂತ ಬರ್ದು ಮೂರು ಅಂತ ಹಾಕಿ ಪೆನ್ ಹಿಡ್ಕೊಂಡು ಕುಂತ್ಳು.

ಹತ್ತಾಯ್ತು. ಹತ್ತೂವರಿ ಆಯ್ತು. ಹನ್ನೊಂದಾಯ್ತು. ಮೂರು ಅನ್ನೋದರ ಮುಂದ ಹೆಸರು ಬೀಳಲಿಲ್ಲ.

ಮೇಡಮ್ ಎರಡು ಸಲ ವಾಚ್ ನೋಡಿದ್ರು. ಲ್ಯಾಬಿನ ಹುಡುಗ್ಯಾರು ಬಿಸ್ಕೀಟ್ ತಾವೇ ತಿನ್ನಾಕ ಹತ್ತಿದ್ರು. ಹನ್ನೊಂದೂವರಿಗಿ ದೌಲತರಾಯ ಕಾಕಾ ಬಿಳಿ ಅಂಗಿ ಹಾಕ್ಕೊಂಡು, ಹೊಸಾ ಬಣ್ಣ ಹಚ್ಚಿದ ಮೀಸಿ ಸವರ್ಕೋತ ಬಂದ್ರು. ಖಾಲಿ ಮಂಚ ನೋಡಿದ್ರು. ಅವರ ದನಿಯೊಳಗ ಖುಷಿ ಇರ್ಲಿಲ್ಲ, ಅದನ್ನ ನಾನು ಪ್ರಾಮಾಣಿಕವಾಗಿ ಬರೀಬೇಕು.

"ಬಿಡವ್ವ ಶೈಲಾ. ನಮ್ಮೂರು ಇಷ್ಟೇ. ನಾನೂ ಮೊದಮೊದಲ ಹಿಂಗೇ ಹಾರಾಡಿದ್ದೆ. ಮೇಡಮ್‌ನೋರಿಗಿ ಊಟ ಮಾಡಿಸಿ ಕಳಿಸೂಣು."

(ಇಲ್ಲಿ ನಾನು ಶೈಲಾನ ಅಳಸಬೇಕಂತ ಮಾಡಿದ್ದೆ. ಕಣ್ಣಂಚಿನಾಗ ಹನಿ, ನಡುಗೋ ತುಟಿ ಎಲ್ಲಾ ತಯಾರಿತ್ತು. ಆಕಿ ನನ್ನ ಕಡೆ ನೋಡಲೇ ಇಲ್ಲ. ಸಿಟ್ಟು ನೆತ್ತಿಗೇರಿತ್ತು. ಎದ್ದು ಚಪ್ಪಲಿ ಮೆಟ್ಟಿದ್ಳು.)

"ಊಟ ಆಮ್ಯಾಲೆ ಕಾಕಾ. ಕುಂಕುಮ ಹಚ್ಚಿಸ್ಕೊಂಡು ಹೂಂ ಅಂದವರು ಮನ್ಯಾಗ ಏನು ಮಾಡಾಕತ್ತಾರ, ಕಣ್ಣಲೆ ನೋಡಿ ಬರ್ತೇನಿ."

6

ಮೊದಲನೇ ಮನಿ ಹೀರಾಬಾಯಿ ಕಾಕಿದು. ಬಾಗಲು ತೆರದೇ ಇತ್ತು. ಬೈಬೇಕಂತ ಬಾಯಿ ತೆರದ ಶೈಲಾ ಹಂಗೇ ನಿಂತ್ಳು.

ಪಡಸಾಲ್ಯಾಗ ಜಮಖಾನಿ ಹಾಸಿತ್ತು. ಅದರ ಮ್ಯಾಲೆ ಹೀರಾಬಾಯಿ ಕಾಕಿ ಇಳಕಲ್ ಸೀರಿ ಉಟ್ಕೊಂಡು ಕುಂತಿದ್ಳು. ಬಾಜೂಕ ಸೊಸಿ, ತಲಿಗಿ ಎಣ್ಣಿ ಹಚ್ಚಿ ಹೂ ಮುಡ್ಕೊಂಡು. ಗ್ವಾಡಿಗಿ ಮಗ ಶಾಂತಕುಮಾರ, ಇಸ್ತ್ರಿ ಅಂಗಿ, ಎಡಗೈ ತೋಳು ಮೊಳಕೈ ಮಟಾ ಮಡಚಿ ಕುಂತಾನ. ಮೂರೂ ಮಂದಿ ಶೈಲಾನ ನೋಡಿ ಒಮ್ಮೆಲೇ ಮಾರಿ ಗಂಟು ಹಾಕ್ಕೊಂಡ್ರು.

"ಏನವ್ವ ಶೈಲಾ, ಇದೇನು ಪದ್ಧತಿ?" ಅಂದ್ಳು ಹೀರಾಬಾಯಿ. "ಏಳು ಗಂಟೇಕ ಜಳಕ ಮಾಡಿ ಕುಂತೇವಿ. ಹನ್ನೆರಡು ಬಡಿಯಾಕ ಬಂತು. ಕರಿಯಾಕ ಒಂದು ನರಪಿಳ್ಳೆ ಬರ್ಲಿಲ್ಲ!"

"ಕಾಕಿ, ಮೊನ್ನೆ ಬಂದು ಕುಂಕುಮ ಹಚ್ಚಿ ಕರದಿದ್ನಲ್ಲಾ?"

"ಅದು ಮೊದಲನೇ ಕರೆ. ಎರಡನೇ ಕರೆ ಎಲ್ಲದ?"

ಗೊತ್ತಿಲ್ಲದವರಿಗಿ ಹೇಳ್ತೇನಿ. ಶೈಲಾನ ಊರಾಗ ಲಗ್ನ ಇರ್ಲಿ, ತೊಟ್ಟಿಲ ಇರ್ಲಿ, ಎರಡು ಸಲ ಕರೀಬೇಕು. ಮೊದಲ ಹೊಸ್ತಿಲಕ್ಕ ಬಂದು ಕುಂಕುಮ ಹಚ್ಚಿ ಹೇಳೂದು. ಆಮ್ಯಾಲೆ ಆ ದಿವಸ, ಎಲ್ಲಾ ತಯಾರಾದ ಮ್ಯಾಲೆ, ಓಣಿ ಓಣ್ಯಾಗ ಬಂದು "ಏಳ್ರೀ" ಅನ್ನೂದು. ಎರಡನೇ ಕರೆ ಬರೂದರೊಳಗ ಹೋದ್ರ ಹಸದು ಓಡಿ ಬಂದ್ರು ಅಂತ ಮಂದಿ ನಗ್ತಾರ. ಎರಡನೇ ಕರೆ ಬರಲೇ ಇಲ್ಲಂದ್ರ, ಕರದವರ ಮನಸಿನಾಗ ನಾವು ಇಲ್ಲ ಅಂತ ಅರ್ಥ.

ಫೋನಿನಾಗಷ್ಟೇ ಕರದಿದ್ರ ಹತ್ತು ಮಂದಿಯಾದ್ರೂ ಹಂಗೇ ಎದ್ದು ಬರ್ತಿದ್ರು. ಕುಂಕುಮ ಹಚ್ಚಿ ಶೈಲಾ ಶಿಬಿರಾನ ಲಗ್ನದಂಥಾ ಕಾರ್ಯ ಮಾಡಿಬಿಟ್ಟಿದ್ಳು; ಅದಕ್ಕೂ ಎರಡನೇ ಕರೆ ಬೇಕಾಗ್ತದಂತ ಆಕಿಗೂ ಹೊಳೀಲಿಲ್ಲ, ಅವರವ್ವಗೂ ಹೊಳೀಲಿಲ್ಲ. ಕಾರ್ಯಕ್ಕ ಕಾರ್ಯದ ಮರ್ಯಾದಿ. ಊರೆಲ್ಲಾ ಜಳಕ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು, ತೋಳು ಏರಿಸ್ಕೊಂಡು, ಆಕಿ ಮ್ಯಾಲೆ ಸಿಟ್ಟಾಗಿ ಕುಂತಿತ್ತು.

ಶೈಲಾ ಹೊಸ್ತಿಲದಾಗೇ ಕುಂತು ನಗಾಕ ಹತ್ತಿದ್ಳು. ನಕ್ಕೋತ ನಕ್ಕೋತ ಕಣ್ಣಾಗ ನೀರು ಬಂದ್ವು. (ನಾನು ತಯಾರು ಇಟ್ಟಿದ್ದ ಹನಿ ಕಡೀಗೂ ಕೆಲಸಕ್ಕ ಬಂತು.) "ನಮ್ಮೂರು ಬರ್ತದ್ರಿ ಕಾಕಿ. ನಮ್ಮೂರು ಬರಾಕ ಕುಂತದ!" ಅಂದು ಹೀರಾಬಾಯಿನ ಗಟ್ಟ್ಯಾಗಿ ಅಪ್ಕೊಂಡ್ಳು. "ಬಿಡಬೇ, ಸೀರಿ ಮುದುಡ್ತದ" ಅಂದ್ಳು ಹೀರಾಬಾಯಿ.

7

ಎರಡನೇ ಕರೆ ಕೊಡೋ ಹಕ್ಕು ಸಕ್ಕುಬಾಯಿ ಆಯಿದು. ಎಪ್ಪತ್ತರ ಮುದುಕಿ, ತೆಳ್ಳಗ ಬೆಳ್ಳಗ, ಆದ್ರ ದನಿ ಕೇಳಿದ್ರ ಬಾವಿ ಮ್ಯಾಲಿನ ಪಾರಿವಾಳ ಹಾರ್ತಾವ. ಊರಿನ ಯಾವ ಕಾರ್ಯಕ್ಕೂ ಆಕಿ ಕೂಗಿದ ಮ್ಯಾಲೇನೇ ಮಂದಿ ಏಳ್ತಾರ. ಶೈಲಾ ಓಡಿ ಹೋದ್ರ ಆಯಿ ಗ್ವಾಡಿ ಕಡೆ ಮಾರಿ ಮಾಡಿ ಮಲ್ಕೊಂಡಿದ್ಳು.

"ಆಯಿ, ಏಳು."

"ನನಗ್ಯಾಕ ಕರೀತಿ? ಕಾರ್ಯ ಮಾಡೋರಿಗಿ ಸಕ್ಕುಬಾಯಿ ಬ್ಯಾಡಾಗ್ಯಾಳ. ಫೋನ್ ಅದಲ್ಲ, ಅದಕ್ಕ ಕೂಗಂತ ಹೇಳು."

"ತಪ್ಪಾಯ್ತು ಆಯಿ. ನನಗ ತಿಳೀಲಿಲ್ಲ. ಫೋನ್ ಸೋತದ. ಈಗ ನೀನೇ ಬೇಕು."

ಸೋತದ ಅನ್ನೋ ಮಾತಿಗಿ ಆಯಿ ಇತ್ತ ಹೊರಳಿದ್ಳು. ಎದ್ದು ಕುಂತ್ಳು. ಸೆರಗು ಸರಿ ಮಾಡ್ಕೊಂಡ್ಳು.

"ಏನಂತ ಕೂಗ್ಲಿ? ಊಟಕ್ಕ ಏಳ್ರಿ ಅಂತಿದ್ದೆ ಯಾವಾಗ್ಲೂ."

"ರಕ್ತ ಕೊಡಾಕ ಏಳ್ರಿ ಅನ್ನು."

"ಹುಚ್ಚಿ! ಐತವಾರ ನಡು ಮಧ್ಯಾಹ್ನ ಓಣ್ಯಾಗ ರಕ್ತ ರಕ್ತ ಅಂತ ಕೂಗಿದ್ರ ಪೊಲೀಸರು ಬರ್ತಾರ." ಆಯಿ ಒಂದು ಎಲಿ ಅಡಕಿ ಹಾಕ್ಕೊಂಡು ವಿಚಾರ ಮಾಡಿದ್ಳು. ಆಮ್ಯಾಲೆ ಬಾಗಲಾಗ ನಿಂತು ಸೊಂಟಕ್ಕ ಕೈ ಕೊಟ್ಟು ಕೂಗಿದ್ಳು:

"ಶೈಲಾ ಕರದಾಳ, ಏಳ್ರೀ!"

ಈ ಓಣ್ಯಾಗ ಇಲ್ಲೀತನಕ ಕೂಗಿದ್ದೆಲ್ಲಾ ಗೌಡರ ಹೆಸರು, ಸಾವಕಾರರ ಹೆಸರು, ಮದುವಿ ಮಾಡೋ ಅಪ್ಪಂದಿರ ಹೆಸರು. ಹುಡುಗಿ ಹೆಸರು ಇದೇ ಮೊದಲು. ಆಯಿ ಮುಂದ ಮುಂದ, ಶೈಲಾ ಹಿಂದ ಹಿಂದ. ಒಂದೊಂದೇ ಬಾಗಲು ತೆರದು ಮಂದಿ ಹೊರಗ ಬಂದ್ರು. ಆ ಕಡೆ ಓಣ್ಯಾಗ ವಜೀರುನ್ನಿಸಾ "ಚಲೋ ಜೀ, ಶೈಲಾ ಬುಲಾರೈ" ಅಂದ್ರು. ಗಂಡಸರೆಲ್ಲಾ ಒಂದು ತೋಳು ಏರಿಸ್ಕೊಂಡು, ಹೆಂಗಸರೆಲ್ಲಾ ಇಳಕಲ್ ಸೀರಿ ಉಟ್ಕೊಂಡು ಸಾಲಿ ಕಡೆ ಹೊಂಟ್ರು. ವರಾಂಡಾದಾಗ ಮೇಡಮ್ ಗಾಬರಿಯಾಗಿ ಎದ್ದು ನಿಂತ್ರು.

8

ಇಲ್ಲಿಗೇ ಮುಗಿಸಿದ್ರ ಚಲೋ ಕಥಿ. ನನ್ನ ಹೆಂಡತಿನೂ ಅದನ್ನೇ ಅಂದ್ಳು. ಆದ್ರ ಕುಂಕುಮ ಇನ್ನೂ ಕೆಲಸ ಮುಗಿಸಿರ್ಲಿಲ್ಲ.

ಅರವತ್ತರ ಮ್ಯಾಲೆ ಮಂದಿ ಕೂಡಿತ್ತು. ಮೇಡಮ್ ಫಾರ್ಮ್ ಹಂಚಾಕ ಮೊದಲ ಕೇಳಿದ್ರು, "ಯಾರ್ಯಾರು ನಾಷ್ಟಾ ಮಾಡೀರಿ? ಕೈ ಎತ್ರಿ."

ಒಂದು ಕೈನೂ ಏಳಲಿಲ್ಲ.

"ಕರದ ಮನಿಗಿ ಯಾರಾದ್ರೂ ಉಂಡು ಬರ್ತಾರೇನ್ರಿ?" ಅಂದ್ಳು ಹೀರಾಬಾಯಿ, ಮೇಡಮ್‌ಗ ಬುದ್ಧಿ ಹೇಳೂರಂಗ.

"ಅಯ್ಯೋ, ಖಾಲಿ ಹೊಟ್ಟಿಲೆ ರಕ್ತ ತಗೋಳಂಗಿಲ್ಲಮ್ಮಾ! ಚಕ್ಕರ್ ಬಂದು ಬೀಳ್ತೀರಿ. ಶೈಲಶ್ರೀ, ನಾಲ್ಕಕ್ಕ ವ್ಯಾನ್ ಬಿಡ್ತದ. ಈಗ ಹನ್ನೆರಡೂವರಿ. ಹ್ಯಾಂಗ?"

ಎಲ್ಲಾರೂ ಶೈಲಾನ ಮಾರಿ ನೋಡಿದ್ರು. ನಾನೂ ನೋಡಿದೆ. ಖರೇ ಹೇಳ್ಬೇಕಂದ್ರ ಮುಂದ ಏನು ಬರೀಬೇಕಂತ ನನಗೂ ಗೊತ್ತಿರ್ಲಿಲ್ಲ. ಆಕಿಗಿ ಗೊತ್ತಿತ್ತು. ಸಾಲಿ ಬೆಂಚಿನ ಮ್ಯಾಲೆ ಹತ್ತಿ ನಿಂತ್ಳು.

"ಕಟಕ ರೊಟ್ಟಿ ಯಾರ ಮನ್ಯಾಗ ಇಲ್ಲ ಹೇಳ್ರಿ? ಹೀರಾಬಾಯಿ ಕಾಕಿ, ನಿಮ್ಮ ಓಣಿಯವರು ರೊಟ್ಟಿ, ಶೇಂಗಾ ಹಿಂಡಿ, ಮೊಸರು. ವಜೀರುನ್ನಿಸಾ ಅಮ್ಮಿ, ನಿಮ್ಮ ಕಡೆಯಿಂದ ಖಿಚಡಿ, ಎಷ್ಟು ಆಗ್ತದೋ ಅಷ್ಟು. ಶಾಂತಣ್ಣ, ಜಮಖಾನಿ ಹಾಸು. ನದೀಮ, ಗಾಡಿ ತಗೊಂಡು ಹೋಗಿ ಡಬ್ಬಿ ತಾ. ಒಂದೂವರಿಗಿ ಊಟ ಮುಗೀಬೇಕು, ಮುಂದ ಅರ್ಧ ತಾಸು ಕುಂದ್ರಬೇಕು, ಎರಡಕ್ಕ ಮೊದಲನೇ ಹೆಸರು." ಆಮ್ಯಾಲೆ ಬಿಳಿ ಅಂಗಿ ಕಡೆ ತಿರುಗಿದ್ಳು. "ಕಾಕಾ, ನೀವು ನೀರು."

ಹತ್ತೊಂಬತ್ತು ವರ್ಷದ ಅಧ್ಯಕ್ಷರು ತೋಳು ಏರಿಸಿ ಕ್ಯಾನ್ ಎತ್ತಿದ್ರು. ಹಿಂದಿನ ಸಾಲಿನ ಆ ನಾಕು ಹುಡುಗ್ಯಾರು ಹೇಳದೇ ಕೇಳದೇ ಬಡಸಾಕ ನಿಂತ್ರು. ಸಾಲಿ ಅಂಗಳದಾಗ ರೊಟ್ಟಿ ಮುರಿಯೋ ಸಪ್ಪಳ ತುಂಬ್ಕೊಂತು. ಮೇಡಮ್ ಎರಡು ಸಲ ಹಿಂಡಿ ಹಾಕಿಸ್ಕೊಂಡ್ರು.

9

ಎರಡಕ್ಕ ಸುರು ಆಯ್ತು. ಬಂದವರೆಲ್ಲಾರದೂ ರಕ್ತ ನಡೀಲಿಲ್ಲ. ವಯಸ್ಸಾದವರು, ತೂಕ ಇಲ್ಲದವರು, ಬಿ.ಪಿ. ಗುಳಿಗಿಯವರು ಹೊರಗ ಉಳದ್ರು. ಹೆಂಗಸರೊಳಗ ಅರ್ಧಕ್ಕರ್ಧ ಮಂದಿಗಿ ರಕ್ತಾನೇ ಕಡಿಮಿ ಇತ್ತು. "ನನ್ನ ರಕ್ತಕ್ಕ ಏನಾಗ್ಯಾದ?" ಅಂತ ಹೀರಾಬಾಯಿ ಜಗಳಕ್ಕೇ ನಿಂತ್ಳು. ಶೈಲಾ ಅವರೆಲ್ಲಾರ ಹೆಸರು ಬ್ಯಾರೆ ಹಾಳಿಯೊಳಗ ಬರಕೊಂಡ್ಳು. ಮುಂದಿನ ಕೆಲಸ ಅದು ಅಂತ ಆಕಿಗಿ ಅಲ್ಲೇ ಹೊಳೀತು.

ಮೂರೂಕಾಲಕ್ಕ ಇಪ್ಪತ್ತೆಂಟು ಆದ್ವು. ಸಾಲು ಮುಗೀತು.

ದೌಲತರಾಯ ಕಾಕಾ ಫಾರ್ಮ್ ಹಿಡ್ಕೊಂಡು ಮೂಲ್ಯಾಗ ನಿಂತಿದ್ರು. ಹೆಸರು ಬರ್ದಿದ್ರು, ಊರು ಬರ್ದಿದ್ರು. ಮೂರನೇ ಖಾನೆದಾಗ ಪೆನ್ ನಿಂತಿತ್ತು. ವಯಸ್ಸು. ಶೈಲಾ ನೋಡಿದ್ಳು, ಆದ್ರ ಹತ್ರ ಹೋಗ್ಲಿಲ್ಲ, ಒತ್ತಾಯ ಮಾಡ್ಲಿಲ್ಲ. ಹುಡುಗರು ನೋಡಾಕತ್ತಿದ್ರು. ಕಾಕಾ ಖಾನೆದಾಗ ಐವತ್ತೊಂದು ಅಂತ ಬರ್ದು, ಯಾರ ಮಾರಿನೂ ನೋಡದ ಹೋಗಿ ಮಂಚದ ಮ್ಯಾಲೆ ಮಲ್ಕೊಂಡ್ರು. ಒಬ್ಬರೂ ನಗಲಿಲ್ಲ. ಶೈಲಾ ಹೋಗಿ ಅವರ ತಲಿ ಹತ್ರ ಫ್ಯಾನ್ ತಿರುಗಿಸಿದ್ಳು.

"ಯುವಕ ಸಂಘಕ್ಕ ಇನ್ನ ಯುವಕರೇ ಅಧ್ಯಕ್ಷರು ಆಗ್ಬೇಕವ್ವ" ಅಂದ್ರು ಕಾಕಾ, ಛತ್ತು ನೋಡ್ಕೋತ.

ಇಪ್ಪತ್ತೊಂಬತ್ತು. ಮೂರೂವರಿ.

10

ಈಗ ಅಂತ್ಯ. ನನ್ನ ಹತ್ರ ಮೂರು ಅವ. ಶೈಲಾನ ಮುಂದ ಇಟ್ಟೆ.

ಒಂದನೇದು: ರಕ್ತ ಪಡದು ಉಳದ ವಿಜಯಶ್ರೀ ಅಕ್ಕಾನೇ ಓಡಿ ಬಂದು ಮೂವತ್ತನೇ ಬಾಟ್ಲಿ ಕೊಡ್ತಾಳ. "ಅಕ್ಕನ ರಕ್ತ ಒಂಬತ್ತೇ ಪಾಯಿಂಟ್ ಅದ, ಮೇಡಮ್ ಆಗಲೇ ವಾಪಸ್ ಕಳಿಸ್ಯಾರ. ಸಿನಿಮಾ ಮಾಡಬ್ಯಾಡ್ರಿ ಸರ."

ಎರಡನೇದು: ಮೇಡಮ್ ಕರಗಿ "ಇಪ್ಪತ್ತೊಂಬತ್ತನ್ನೇ ಮೂವತ್ತಂತ ತಿಳ್ಕೋತೇವಿ" ಅಂತಾರ. "ದಯಾ ಬ್ಯಾಡ. ಮೂವತ್ತಂತ ನನ್ನ ಬಾಯಿಲೆ ಹೇಳೇನಿ."

ಮೂರನೇದು: ಅಫಜಲಪುರದ ಕಡೆಯ ಒಬ್ಬ ಹಾದಿಹೋಕ ಬಸ್ ಇಳದು ನೆಟ್ಟಗ ಸಾಲಿಗಿ ಬರ್ತಾನ. ಇದು ನನಗ ಭಾಳ ಸೇರಿತ್ತು.

ಶೈಲಾ ತಲಿ ಅಲ್ಲಾಡಿಸಿದ್ಳು. "ಹೋದ ಸಲಾನೂ ಹೊರಗಿನವರೇ ಕೊಟ್ರು. ಆ ನಾಚಿಕಿನೇ ತೊಳೀಬೇಕಂತ ಇಷ್ಟೆಲ್ಲಾ ಮಾಡೀನಿ. ನಾ ಕರದವರು ಬರ್ಬೇಕು ಸರ." ರಜಿಸ್ಟರ್ ತೆರದ್ಳು, ಕರದವರ ಪಟ್ಟಿ ಮ್ಯಾಲೆ ಬೆರಳು ಇಳಿಸ್ಕೋತ ಬಂದ್ಳು. "ಎಲ್ಲಾರೂ ಬಂದಾರ. ಒಬ್ಬರು ಬಂದಿಲ್ಲ."

ಬೆರಳು ರಜಿಸ್ಟರ್ ದಾಟಿ ನನ್ನ ಹಾಳಿಯ ಮಾರ್ಜಿನ್ನಿನಾಗ ಬಂದು ನಿಂತಿತ್ತು. ಕುಂಕುಮದ ಬೊಟ್ಟು ಇನ್ನೂ ಒಣಗಿರ್ಲಿಲ್ಲ.

"ನೋಡು ತಂಗಿ, ನಾನು ಬರಹಗಾರ" ಅಂದೆ.

"ಹೌದ್ರಿ. ಬ್ಲಡ್ ಗ್ರೂಪ್ ಯಾವದು?"

"ಅಲ್ಲ, ಎರಡನೇ ಕರೆ ಎಲ್ಲಿ ಬಂದದ ನನಗ?" ಅಂದೆ. ಗೆದ್ದೆ ಅಂದ್ಕೊಂಡೆ. ಪುಟದ ಹೊರಗಿಂದ ಚಪ್ಪಲಿ ಸಪ್ಪಳ ಕೇಳಸ್ತು. ಆಮ್ಯಾಲೆ ನನ್ನ ಟೇಬಲ್ ಮ್ಯಾಲಿನ ಚಾದ ಕಪ್ಪು ನಡುಗೂವಂಗ ಒಂದು ದನಿ:

"ಶೈಲಾ ಕರದಾಳ, ಏಳ್ರೀ!"

30

ಎದ್ದೆ. ಎರಡನೇ ಕರೆ ಬಂದ ಮ್ಯಾಲೆ ಕುಂದ್ರಾಕ ಬರಂಗಿಲ್ರಿ.

ಈಗ ಸಾಲಿ ವರಾಂಡಾದಾಗ ಮಲ್ಕೊಂಡೇನಿ. ಅಂಗಾಲು ಬೆವರಾಕತ್ತಾವ. ಹೀರಾಬಾಯಿ ಒತ್ತಾಯ ಮಾಡಿ ಮತ್ತೊಂದು ರೊಟ್ಟಿ ತಿನಿಸ್ಯಾಳ. ಶೈಲಾ ರಜಿಸ್ಟರಿನಾಗ ಮೂವತ್ತು ಅಂತ ಬರ್ದು ನನ್ನ ಹೆಸರೂ ಬರ್ದಾಳ, ಸೂಜಿ ಇನ್ನೂ ಚುಚ್ಚೇ ಇಲ್ಲ, ಅಷ್ಟು ಧೈರ್ಯ ಆಕಿಗಿ. "ಯಾವ ಕೈ ಸರ?" ಅಂತ ಲ್ಯಾಬಿನ ಹುಡುಗಿ ಕೇಳಿದ್ಳು. ಬರಿಯೋ ಕೈ ತಗೋರಿ ಅಂದೆ. ಹಂಗಾಗಿ ಇದನ್ನ ಎಡಗೈಲೆ ಬರ್ಯಾಕತ್ತೇನಿ, ಅಕ್ಷರ ಸೊಟ್ಟ ಆಗ್ಯಾವ, ಹೊಟ್ಟಿಗಿ ಹಾಕ್ಕೋರಿ. ಮುಗೀತು ಅಂತ ಬರಿಯೋ ಕೈ ಸದ್ಯಕ್ಕ ನನ್ನ ಹತ್ರ ಇಲ್ಲ.

ಬಿ.ಪಿ. ಪಟ್ಟಿ ಉಬ್ಬಾಕತ್ತದ. ಮೂರೂ ಐವತ್ತು. ಮೇಡಮ್ ಹುಬ್ಬು ಗಂಟು ಹಾಕಿ ಮೀಟರ್ ನೋಡಾಕತ್ತಾರ. ನಡೀತದೋ ಇಲ್ಲೋ ಅವರು ಇನ್ನೂ ಹೇಳಿಲ್ಲ, ನಾನೂ ಹೇಳಂಗಿಲ್ಲ. ಶೈಲಾ ಮಾತ್ರ ಒಂದು ಗುಲಗಂಜಿಯಷ್ಟೂ ಹೆದರಿಲ್ಲ. ಸಕ್ಕುಬಾಯಿ ಆಯಿಯ ಕಿವ್ಯಾಗ ಏನೋ ಹೇಳ್ಯಾಳ. ಆಯಿ ಸೆರಗು ಕಟ್ಕೊಂಡು ಮತ್ತ ಹೊರಗ ಹೊಂಟಾಳ, ನಿಮ್ಮ ಬಾಗಲ ಕಡೆ.

'ನನಗ ಮೊದಲನೇ ಕರೆ ಬಂದಿಲ್ಲ' ಅಂತ ನೀವು ಅನ್ನಬ್ಯಾಡ್ರಿ. ಇಷ್ಟೊತ್ತು ಓದಿದ್ರಲ್ಲ, ಅದೇ ಆಗಿತ್ತು.

ಉಂಡೀರಿಲ್ಲೋ?